ಟೈಗೆ ಚುಚ್ಚಿದ ಸೀರೆ ಪಿನ್ನು

ನಾನು ಹತ್ತನೇ ತರಗತಿ ಪಾಸಾದಾಗ ನನಗೆ ಮೂವತ್ತು ದಾಟಿತ್ತು. ಹಾನಗಲ್ಲಿನಲ್ಲಿ ಅಕ್ಕನ ಬಳೆ ಅಂಗಡಿಯಲ್ಲಿ ಕೂತೇ ಓದಿದೆ. ಡಿಗ್ರಿ, ಬಿ.ಎಡ್. ಮುಗಿಯುವಷ್ಟರಲ್ಲಿ ತಲೆಯಲ್ಲಿ ಬಿಳಿಕೂದಲು ಬಂದಿದ್ದವು. ಮೂರು ಶಾಲೆಯವರು ವಯಸ್ಸು ಕೇಳಿಯೇ ವಾಪಸ್ಸು ಕಳಿಸಿದ್ದರು. ಈಗ ಹಿರೇಕೆರೂರಿನ ಒಂದು ಖಾಸಗಿ ಶಾಲೆಯವರು ಕರೆದಿದ್ದರು. ಒಂದು ಪಾಠ ಮಾಡಿ ತೋರಿಸಬೇಕು, ಟೈ ಕಟ್ಟಿಕೊಂಡು ಬರಬೇಕು ಎಂದಿದ್ದರು.

ಟೈ ಕೊಂಡೆ. ಫ್ಯಾನಿನ ಗಾಳಿಗೇ ಅದು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅದಕ್ಕೊಂದು ಪಿನ್ನು ಇರುತ್ತದೆಂದು ಗೊತ್ತಿತ್ತು, ನಮ್ಮೂರಲ್ಲಿ ಹುಡುಕಿದರೆ ಸಿಗಲಿಲ್ಲ. ಅಕ್ಕ ಅಂಗಡಿಯ ಸೀರೆ ಪಿನ್ನುಗಳನ್ನೆಲ್ಲ ನನ್ನ ಎದೆಗೆ ಹಿಡಿದು ನೋಡಿದಳು. ನವಿಲಿನದು ಬೇಡವೆಂದೆ. ಕೊನೆಗೆ ಮೂರು ಬಿಳಿ ಹರಳಿನದನ್ನು ಆರಿಸಿ, ಸೆರಗಿಗೆ ಚುಚ್ಚುವ ಹಾಗೆಯೇ ಗಟ್ಟಿಯಾಗಿ ಚುಚ್ಚಿದಳು.

ಭಿನ್ನರಾಶಿಯ ಪಾಠಕ್ಕೆಂದು ನಾಲ್ಕನೇ ತರಗತಿಯ ಬೋರ್ಡಿನ ಮುಂದೆ ನಿಂತು ಕೈ ಎತ್ತಿದಾಗಲೇ ನನಗೆ ತಿಳಿದದ್ದು: ಪಿನ್ನು ಟೈ, ಅಂಗಿ ಎರಡನ್ನೂ ದಾಟಿ ಒಳಗಿನ ಬನಿಯನ್ನಿಗೂ ಸೇರಿತ್ತು. ಕೈ ಎತ್ತಿದರೆ ಟೈ ಕುತ್ತಿಗೆ ಜಗ್ಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ ಕೂತಿದ್ದರು, ಅವರೆದುರು ಅದನ್ನು ಬಿಚ್ಚುತ್ತ ನಿಲ್ಲುವಂತಿರಲಿಲ್ಲ. ಸೀಮೆಸುಣ್ಣವನ್ನು ಮುಂದಿದ್ದ ಹುಡುಗಿಯ ಕೈಗೆ ಕೊಟ್ಟು, ಒಂದು ರೊಟ್ಟಿಯ ಚಿತ್ರ ಬರೆದು ನಾಲ್ಕು ಮಂದಿಗೆ ಹಂಚು ಎಂದೆ. ಅವಳು ಗೆರೆ ಎಳೆದಳು.

“ಅಕಿ ತನಗ ದೊಡ್ಡ ತುಂಡು ಇಟ್ಕೊಂಡಾಳ್ರಿ ಸರ್,” ಎಂದಳು ಪಕ್ಕದವಳು.

ಹಾಗಾದರೆ ನೀನೇ ಬಂದು ಸರಿಮಾಡು ಎಂದೆ. ಆಮೇಲೆ ನನಗೆ ಹೆಚ್ಚು ಕೆಲಸವಿರಲಿಲ್ಲ. ಸಮನಾಗಿ ಹಂಚದಿದ್ದರೆ ಅದು ಕಾಲುಭಾಗವಾಗುವುದಿಲ್ಲ ಎಂದು ಅವರೇ ಜಗಳವಾಡಿ ತೀರ್ಮಾನಿಸಿದರು.

ಗಂಟೆ ಬಾರಿಸಿದ ಮೇಲೆ ಮುಖ್ಯೋಪಾಧ್ಯಾಯಿನಿ, ಮಕ್ಕಳ ಕೈಯಿಂದಲೇ ಬರೆಸುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಬಿ.ಎಡ್.ನಲ್ಲಿ ಎಂದುಬಿಡಬಹುದಿತ್ತು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಆದರೆ ಸುಳ್ಳು ಹೇಳಿ ಸಿಕ್ಕರೆ ದಿನಾ ಇವರ ಮುಖ ನೋಡಬೇಕಲ್ಲ ಅನ್ನಿಸಿತು.

“ಕಲ್ತಿಲ್ರಿ ಮೇಡಂ. ನಮ್ಮಕ್ಕ ಪಿನ್ನ ಬನಿಯನ್ನಿಗೂ ಚುಚ್ಯಾಳ. ಕೈ ಎತ್ತಾಕ ಆಗವಲ್ದು.”

ಅವರು ಹತ್ತಿರ ಬಂದು ನೋಡಿದರು. ನಗು ತಡೆಯಲು ತುಟಿ ಬಿಗಿಹಿಡಿದರು.

“ಇದು ಸೀರಿ ಪಿನ್ನ ಐತಲ್ರಿ. ಇರ್ಲಿ, ಸೋಮವಾರದಿಂದ ಬರ್ರಿ. ಬೋರ್ಡ್ ಮಾತ್ರ ಹಿಂಗ ಮಕ್ಕಳ ಕೈಯಾಗ ಇರ್ಲಿ.”

ಬಸ್ ಸ್ಟ್ಯಾಂಡಿನಿಂದ ಅಕ್ಕನಿಗೆ ಫೋನ್ ಮಾಡಿದೆ. ಅವಳು, ಇನ್ನು ಅಂಗಡಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳಿ ತಾನೇ ಉತ್ತರ ಕೊಟ್ಟಳು.

“ನಾ ಒಬ್ಬಾಕಿನ ನೋಡ್ಕೊಂತೇನಿ ಬಿಡು. ನೀ ಸೋಮವಾರದ ಪಾಠ ಓದ್ಕೋ.”