ಕಾರ್ಡಕ್ಕ ಜಾಗಕ್ಕೆ ಸೇರಿಸಿದ ಫೈಲು

ಗ್ರಂಥಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಮೂವತ್ತೊಂದು ವರ್ಷ ಪುಸ್ತಕಗಳಿಗೆ ಕಾರ್ಡು ಬರೆದು ಬರೆದು ಅವಳು ಎಲ್ಲರ ಬಾಯಲ್ಲೂ ಕಾರ್ಡಕ್ಕ ಆದಳು. ಕಾರ್ಡಿನ ಡ್ರಾಯರುಗಳು ಗುಜರಿಗೆ ಹೋಗಿ ಕಂಪ್ಯೂಟರು ಬಂದ ಮೇಲೂ ಹೆಸರು ಹಾಗೇ ಉಳಿಯಿತು.

ಅವಳಿಗೊಂದು ಚಾಳಿ. ಸಂಜೆ ಬೀಗ ಹಾಕುವ ಮುಂಚೆ ಮೇಜುಗಳ ಮೇಲೆ ಏನೇ ಬಿದ್ದಿರಲಿ, ಅದನ್ನು ಅದರ ಜಾಗಕ್ಕೆ ಸೇರಿಸದೆ ಅವಳ ಕಾಲು ಬಾಗಿಲು ದಾಟದು. ಪುಸ್ತಕ ಸರಿ, ಅದು ಅವಳ ಕೆಲಸ. ಆದರೆ ಒಮ್ಮೆ ಮೇಡಂ ಅರ್ಧ ಕುಡಿದು ಫೋನಿಗೆಂದು ಎದ್ದು ಹೋಗಿ ಬರುವಷ್ಟರಲ್ಲಿ ಟೀ ಲೋಟವೂ ತೊಳೆದು ಕಪಾಟು ಸೇರಿತ್ತು. ಮೇಡಂ ಎಂದರೆ ಈಗಿನ ಗ್ರಂಥಪಾಲಕಿ, ಮೂವತ್ತು ದಾಟಿದ ಚುರುಕು ಹೆಂಗಸು. ಅವರು ಬೈಯಲಿಲ್ಲ, ಇನ್ನೊಂದು ಲೋಟ ಟೀ ತರಿಸಿಕೊಂಡರು. ಕಾರ್ಡಕ್ಕನ ಮೇಲೆ ಸಿಟ್ಟು ಮಾಡಿಕೊಂಡವರನ್ನು ನಾನಂತೂ ಕಂಡಿಲ್ಲ.

ಅವಳ ಅಣ್ಣ ಬೋರ್ಡು ಬರೆಯುವವನು. ಪೇಟೆಯ ಅರ್ಧಕ್ಕರ್ಧ ಅಂಗಡಿಗಳ ಹೆಸರು ಅವನ ಕೈಯಿಂದ ಬಂದದ್ದು. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಕೈಕಾಲು ಸ್ವಾಧೀನಕ್ಕೆ ಬಂದವು, ಮಾತೂ ಬಂತು, ಅಕ್ಷರ ಮಾತ್ರ ಹೋಯಿತು. ತಾನೇ ಬರೆದ ಬೋರ್ಡಿನ ಕೆಳಗೆ ನಿಂತು, ಇದು ಯಾರ ಅಂಗಡಿ ಎಂದು ಕೇಳುವ ಹಾಗಾಯಿತು. ಎಂಥ ಅನ್ಯಾಯ ನೋಡಿ.

ದಿನಾ ಗಟ್ಟಿಯಾಗಿ ಓದಿಸಿ ಎಂದರು ಡಾಕ್ಟರು. ಮನೆಯಲ್ಲಿ ಅದು ನಡೆಯಲಿಲ್ಲ. ಅವನು ಒಂದಕ್ಷರಕ್ಕೆ ತಡವರಿಸುವಷ್ಟರಲ್ಲಿ ಮೊಮ್ಮಕ್ಕಳು ಇಡೀ ಸಾಲು ಒದರಿಬಿಡುತ್ತಿದ್ದವು, ಅವನು ಮುಖ ಸಣ್ಣ ಮಾಡಿಕೊಂಡು ಪುಸ್ತಕ ಮುಚ್ಚುತ್ತಿದ್ದ. ಆಮೇಲೆ ಕಾರ್ಡಕ್ಕ ಅವನನ್ನು ತನ್ನ ಜೊತೆ ಗ್ರಂಥಾಲಯಕ್ಕೆ ಕರೆತರತೊಡಗಿದಳು. ಅಲ್ಲಿಯ ಓದುವ ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಪೇಪರಿನಲ್ಲಿ ಮುಳುಗಿರುತ್ತಾರೆ, ಯಾರು ತಡವರಿಸಿದರೂ ತಲೆ ಎತ್ತುವುದಿಲ್ಲ. ಅವನು ಕಿಟಕಿಯ ಪಕ್ಕ ದಪ್ಪಕ್ಷರದ ಪುಸ್ತಕ ಹಿಡಿದು ಕೂರುತ್ತಾನೆ. ಬಿಡುವಾದಾಗೆಲ್ಲ ಅವಳು ಹೋಗಿ ಅಕ್ಷರದ ಕೆಳಗೆ ಬೆರಳಿಡುತ್ತಾಳೆ, ಅವನು ಹೇಳುತ್ತಾನೆ. ಬೆರಳು ತೆಗೆದರೆ ಸಾಲೆಲ್ಲ ಕಲಸಿಹೋಗುತ್ತದೆ. ಅವಳ ಬೆರಳಿಲ್ಲದೆ ಅವನು ಒಂದು ಪದವನ್ನೂ ಇದುವರೆಗೆ ಓದಿರಲಿಲ್ಲ. ಆದರೂ ರಜೆಯ ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿದವನಲ್ಲ.

ಈಗ ಆ ಕೋಣೆಗೇ ಸಂಚಕಾರ ಬಂದಿತ್ತು. ವರ್ಷದ ಸರಾಸರಿಯಲ್ಲಿ ದಿನಕ್ಕೆ ಮೂವತ್ತು ಜನ ಓದುಗರಾದರೂ ಬರದಿದ್ದರೆ ಕೋಣೆ ಮುಚ್ಚಿ ನೀರಿನ ಪೈಪುಗಳ ಉಗ್ರಾಣ ಮಾಡುತ್ತೇವೆ ಎಂದು ಮೇಲಿನಿಂದ ಕಾಗದ ಬಂದಿತ್ತು. ಅಲ್ಲ, ಪೈಪು ಇಡಲು ಊರಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಅದನ್ನು ತೀರ್ಮಾನಿಸುವ ಸಮಿತಿ ಅವತ್ತು ಹನ್ನೊಂದು ಗಂಟೆಗೆ ಅದೇ ಓದುವ ಕೋಣೆಯಲ್ಲಿ ಕೂರುವುದಿತ್ತು, ಪ್ರೊಜೆಕ್ಟರೂ ಬಿಳಿ ಗೋಡೆಯೂ ಇದ್ದದ್ದು ಅಲ್ಲೇ.

ಮೇಡಂ ಮೂರು ತಿಂಗಳ ಹಿಂದೆಯೇ ಸ್ಲೈಡು ಮಾಡಿಟ್ಟಿದ್ದರು. ಸಭೆ ಮುಂದೆ ಹೋಗಿತ್ತು, ಸ್ಲೈಡುಗಳನ್ನು ಆಮೇಲೆ ಅವರು ಮುಟ್ಟಿರಲಿಲ್ಲ. ಮೂರನೆಯ ಸ್ಲೈಡಿನಲ್ಲಿ ಒಂದು ಸಣ್ಣ ಕೋಷ್ಟಕ, ಅದರ ತಲೆಯ ಮೇಲೆ ದಪ್ಪಗೆ 31 ಎಂಬ ಸರಾಸರಿ. ಕೋಷ್ಟಕದ ಮೇಲೆ ಎರಡು ಸಲ ಒತ್ತಿದರೆ ಹಿಂದಿರುವ ಎಕ್ಸೆಲ್ ಹಾಳೆ ತೆರೆದುಕೊಳ್ಳಬೇಕು, ಕಾರ್ಡಕ್ಕ ಪ್ರತಿ ಸಂಜೆ ಅವತ್ತಿನ ಓದುಗರ ಲೆಕ್ಕ ತುಂಬುವ ಹಾಳೆ. ಸಮಿತಿಯ ಅಧ್ಯಕ್ಷರು ಜೀವನವಿಡೀ ಅಂಗಡಿಗಳ ತೂಕದ ಬಟ್ಟುಗಳನ್ನು ತಿರುಗಿಸಿ ತಳದ ಮುದ್ರೆ ನೋಡಿದ ಇನ್‌ಸ್ಪೆಕ್ಟರು, ಮೂಲ ಹಾಳೆ ತೋರಿಸಿ ಎನ್ನದೆ ಬಿಡುವವರಲ್ಲ.

ಒಂಬತ್ತೂವರೆಗೆ ಮೇಡಂ ಒತ್ತಿ ನೋಡಿದರು. ತೆರೆಯಲಿಲ್ಲ. ಜೋಡಿಸಿದ ಫೈಲು ಸಿಗುತ್ತಿಲ್ಲ ಎಂಬ ಒಂದು ಸಾಲು ಬಂದು ಕೂತಿತು. ಅವರು ಕೂಡಲೆ ರಿಪೇರಿ ಮೇಷ್ಟ್ರಿಗೆ ಫೋನು ಹಚ್ಚಿದರು. ಮೇಷ್ಟ್ರು ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಈಗ ಕಂಪ್ಯೂಟರು ರಿಪೇರಿ ಮಾಡುತ್ತಾರೆ. ಗದರುವ ಅಭ್ಯಾಸ ಹಾಗೇ ಉಳಿದಿದೆ.

ಮೇಷ್ಟ್ರು ಬಂದು ಕಂಪ್ಯೂಟರು ಆರಿಸಿ ಹೊತ್ತಿಸಿದರು. ಆಗಲಿಲ್ಲ. ತೆರೆದಿದ್ದ ಹಾಳೆಗಳನ್ನೆಲ್ಲ ಮುಚ್ಚಿ ನೋಡಿದರು, ಸುರಕ್ಷತೆಯ ಸೆಟ್ಟಿಂಗು ಸಡಿಲಿಸಿ ನೋಡಿದರು. ಅದೂ ಆಗಲಿಲ್ಲ. ಕೊನೆಗೆ ಲಿಂಕುಗಳ ಪಟ್ಟಿ ತೆಗೆದು ಕನ್ನಡಕ ಹಣೆಗೇರಿಸಿದರು.

"ಫೈಲು ಡೆಸ್ಕ್‌ಟಾಪ್ ಮೇಲಿದೆ ಅಂತ ಇದು ಹೇಳ್ತಿದೆ. ಅಲ್ಲಿ ನೋಡಿದ್ರೆ ಏನೂ ಇಲ್ಲ, ಗುಡಿಸಿಟ್ಟ ಅಂಗಳದ ಹಾಗಿದೆ. ಯಾರು ಮುಟ್ಟಿದ್ದು?"

"ನಾನಂತೂ ಅಲ್ಲೇ ಬಿಟ್ಟಿದ್ದೆ ಮೇಷ್ಟ್ರೇ," ಎಂದರು ಮೇಡಂ.

"ಹಾಗಾದ್ರೆ ವೈರಸ್ಸು. ಇನ್ನೇನು, ಕಾಲು ಬಂದು ಎದ್ದು ಹೋಯ್ತಾ?"

ಕಾರ್ಡಕ್ಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಮೂರು ತಿಂಗಳ ಹಿಂದಿನ ಆ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು. ಬೀಗ ಹಾಕುವ ಮುಂಚೆ ಪರದೆಯ ಮೇಲೆ ಆ ಫೈಲು ಒಂಟಿಯಾಗಿ ಬಿದ್ದಿರುವುದು ಕಣ್ಣಿಗೆ ಬಿದ್ದಿತ್ತು. ಅವಳು ಅದನ್ನೆತ್ತಿ 'ಆಡಳಿತ', ಅದರೊಳಗೆ 'ಅಂಕಿಅಂಶ', ಅದರೊಳಗೆ 'ಓದುಗರು' ಎಂಬ ಫೋಲ್ಡರಿಗೆ ಸೇರಿಸಿ, ನೆಮ್ಮದಿಯಾಗಿ ಮನೆಗೆ ಹೋಗಿದ್ದಳು. ಅಂದಿನಿಂದ ದಿನದ ಲೆಕ್ಕವನ್ನು ಅಲ್ಲಿಯೇ ತುಂಬುತ್ತಿದ್ದಳು. ಸ್ಲೈಡಿಗೆ ಅದು ತಿಳಿಯುವುದಾದರೂ ಹೇಗೆ, ಪಾಪ.

ಮೂವತ್ತೊಂದು ವರ್ಷದಲ್ಲಿ ಒಂದು ಪುಸ್ತಕವನ್ನೂ ಕಳೆದವಳಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಬಾಯಿ ಬಿಡಲು ನಾಚಿಕೆಯಾಯಿತು. ಆದರೂ ಬಿಟ್ಟಳು.

"ವೈರಸ್ಸಲ್ಲ ಮೇಷ್ಟ್ರೇ, ನಾನು. ಹೊರಗೆ ಬಿದ್ದಿತ್ತಲ್ಲ ಅಂತ ಜಾಗಕ್ಕೆ ಸೇರಿಸ್ಬಿಟ್ಟೆ."

ಮೇಷ್ಟ್ರು ಹೊಟ್ಟೆ ಕುಲುಕಿಸಿ ನಕ್ಕರು. "ಅಕ್ಕಾ, ನಿಮ್ಮನ್ನ ಹಿಡಿಯೋಕೆ ಯಾವ ಸಾಫ್ಟ್‌ವೇರೂ ಇಲ್ಲ ಬಿಡಿ." ಲಿಂಕಿನ ಪಟ್ಟಿಯಲ್ಲಿ ಮೂಲವನ್ನು ಬದಲಿಸಿ, ಅವಳು ಹೇಳಿದ ಫೋಲ್ಡರಿನ ದಾರಿ ತೋರಿಸಿ, ಅಪ್‌ಡೇಟ್ ಒತ್ತಿದರು. ಎರಡು ಸಲ ಒತ್ತಿದ್ದೇ ತಡ, ಹಾಳೆ ತೆರೆದುಕೊಂಡಿತು. ಮೇಷ್ಟ್ರು ಚೀಲ ಹೆಗಲಿಗೇರಿಸಿ ಹೊರಟುಹೋದರು.

ಮೇಡಂ ಸ್ಲೈಡಿಗೆ ಮರಳಿ ನೋಡಿದರು. 31 ಇದ್ದ ಜಾಗದಲ್ಲಿ ಈಗ 29 ಇತ್ತು. ಇಷ್ಟು ದಿನ ಅಲ್ಲಿದ್ದದ್ದು ಮೂರು ತಿಂಗಳ ಹಿಂದಿನ ಚಿತ್ರ. ಆಮೇಲಿನ ತಿಂಗಳುಗಳಲ್ಲಿ ಕಾಲೇಜಿಗೆ ರಜೆ ಬಂದು ಓದುಗರು ಕಡಿಮೆಯಾಗಿದ್ದರು. ಹಾಳೆ ಸಿಕ್ಕಿದ ಕೂಡಲೆ ಸ್ಲೈಡೂ ಇದ್ದದ್ದನ್ನು ಇದ್ದ ಹಾಗೆ ತೋರಿಸಿತ್ತು.

ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಮೇಡಂ ದನಿ ತಗ್ಗಿಸಿದರು.

"ಕಾರ್ಡಕ್ಕ, ಹಳೇ ಚಿತ್ರ ಇರೋ ಕಾಪಿ ಒಂದು ನನ್ನ ಪೆನ್‌ಡ್ರೈವಲ್ಲಿದೆ. ಅದನ್ನೇ ಹಾಕಿ, ಹಾಳೆ ತೆರೀತಿಲ್ಲ, ಲಿಂಕು ಕೆಟ್ಟಿದೆ ಅಂದ್ಬಿಡ್ಲಾ? ಬೆಳಿಗ್ಗೆಯಿಂದ ಕೆಟ್ಟಿದ್ದು ಸುಳ್ಳೇನಲ್ವಲ್ಲ."

ಕಾರ್ಡಕ್ಕ ಕಿಟಕಿಯತ್ತ ನೋಡಿದಳು. ಅಣ್ಣ ಪುಸ್ತಕದ ಮೇಲೆ ಬಗ್ಗಿ ತುಟಿ ಆಡಿಸುತ್ತಿದ್ದ. ಈ ಕೋಣೆ ಹೋದರೆ ಅವನು ಮನೆಯಲ್ಲಿ ಮತ್ತೆ ಪುಸ್ತಕ ಮುಟ್ಟುವವನಲ್ಲ ಎಂದು ಅವಳಿಗೆ ಗೊತ್ತು. ಹೂಂ ಎಂದುಬಿಡಬೇಕು ಎಂದು ನಾಲಿಗೆ ತುದಿಗೆ ಬಂದೂ ಬಂತು.

"ಬೇಡ ಮೇಡಂ," ಎಂದಳು. "ಕಾರ್ಡಲ್ಲೊಂದು, ಶೆಲ್ಫಲ್ಲೊಂದು ಇರೋ ಕೆಲಸ ನಾನು ಯಾವತ್ತೂ ಮಾಡಿಲ್ಲ. ಇರೋದನ್ನೇ ತೋರ್ಸಿ."

ಸಮಿತಿಯವರು ನಾಲ್ಕು ಜನ ಬಂದು ಕೂತರು. ಮೇಡಂ ಮೂರೂ ಸ್ಲೈಡು ತೋರಿಸಿದರು. ಅಧ್ಯಕ್ಷರು ನಿರೀಕ್ಷೆಯಂತೆ ಮೂಲ ಹಾಳೆ ಕೇಳಿದರು. ಹಾಳೆ ಗೋಡೆಯ ತುಂಬ ತೆರೆದುಕೊಂಡಿತು. ದಿನಕ್ಕೊಂದು ಸಾಲು, ಮಕ್ಕಳು, ಹೆಂಗಸರು, ಗಂಡಸರು ಎಂದು ಕಾಲಮ್ಮು. ಅಧ್ಯಕ್ಷರು ನಿಧಾನವಾಗಿ ಕೆಳಗಿನವರೆಗೂ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಲೆಕ್ಕ ಶುದ್ಧವಾಗಿದೆ. ಆದ್ರೆ ನಿಯಮ ಮೂವತ್ತು ಅನ್ನುತ್ತಲ್ಲಮ್ಮ, ನಾನೇನು ಮಾಡ್ಲಿ?" ಕನ್ನಡಕ ಹಾಕಿಕೊಳ್ಳುತ್ತ ಅವರ ಕಣ್ಣು ಕಿಟಕಿಯ ಕಡೆ ಹೋಯಿತು. "ಈ ಯಜಮಾನ್ರು ದಿನಾ ಬರ್ತಾರಾ?"

"ದಿನಾ ಬರ್ತಾರೆ ಸರ್," ಎಂದರು ಮೇಡಂ.

"ನಿನ್ನೆ ಬಂದಿದ್ರಾ? ನಿನ್ನೆ ಸಾಲಲ್ಲಿ ಗಂಡಸರು ಹದಿನಾಲ್ಕು ಅಂತಿದೆ. ಇವರೂ ಸೇರಿ ತಾನೆ?"

ಕಾರ್ಡಕ್ಕ ಸೆರಗಿನ ತುದಿ ಹಿಡಿದುಕೊಂಡಳು. "ಇಲ್ಲ ಸರ್. ಅವ್ರು ನಮ್ಮಣ್ಣ. ನನ್ನ ಮಗಳೂ ಇಲ್ಲಿ ಓದ್ತಿದ್ದಾಗ ಅವಳನ್ನ ಎಣಿಸ್ತಿರಲಿಲ್ಲ. ಮನೆಯವರನ್ನ ಸೇರಿಸಿ ಲೆಕ್ಕ ಜಾಸ್ತಿ ಮಾಡಿದ್ಳು ಅಂತ ಆಗಬಾರದಲ್ಲ."

ಮೇಡಂ ಹಣೆ ಚಚ್ಚಿಕೊಂಡರು. ಮೇಡಂ ಇರಲಿ, ಕೇಳಿದ ನನಗೂ ಚಚ್ಚಿಕೊಳ್ಳಬೇಕು ಅನಿಸಿತು.

"ಇವರು ಬಂದಿದ್ದಕ್ಕೆ ಗುರುತೇನು?" ಎಂದರು ಅಧ್ಯಕ್ಷರು.

ಗುರುತು ಅಣ್ಣನ ಕೈಯಲ್ಲೇ ಇತ್ತು. ಕೋಣೆಯಲ್ಲಿ ಓದಲು ಕೊಟ್ಟ ಪುಸ್ತಕಕ್ಕೂ ತಾರೀಖಿನ ಮುದ್ರೆ ಒತ್ತುವುದು ಅವಳ ರೂಢಿ. ದಪ್ಪಕ್ಷರದ ಪುಸ್ತಕದ ಹಿಂದೆ ಅಂಟಿಸಿದ ಚೀಟಿಗಳು ಒಂದರ ಮೇಲೊಂದು ಸೇರಿ ದಪ್ಪಗಾಗಿದ್ದವು. ಅಧ್ಯಕ್ಷರು ಒಂದೊಂದೇ ಮಗುಚಿದರು. ಗೋಡೆಯ ಮೇಲಿನ ತಾರೀಖುಗಳ ಜೊತೆ ಅಲ್ಲಲ್ಲಿ ತಾಳೆ ನೋಡಿದರು. ಗ್ರಂಥಾಲಯ ತೆರೆದ ಒಂದು ದಿನವೂ ಬಿಟ್ಟಿರಲಿಲ್ಲ.

"ಓದೋಕೆ ಬಂದವರನ್ನ ಎಣಿಸಿ ಅಂತಿದೆ ನಿಯಮ. ಯಾರ ಅಣ್ಣ ಅಂತ ಕೇಳಿ ಅಂತಿಲ್ಲ. ಬೇರೆ ಕಾಲಮ್ಮಲ್ಲಿ ಸೇರಿಸಿ, ಮುಚ್ಚುಮರೆ ಬೇಡ."

"ತಲೆ ಮೇಲೆ ಏನಂತ ಬರೀಲಿ ಸರ್?"

"ನೀವು ಏನಂತ ಕರೀತೀರೋ ಅದನ್ನೇ ಬರೀರಿ."

ಅವಳು ಕೀಬೋರ್ಡಿಗೆ ಬಂದಳು. ಕಾಲಮ್ಮಿನ ತಲೆಗೆ 'ಅಣ್ಣ' ಎಂದು ಬರೆದು, ಕೆಳಗೆ ಸಾಲಿಗೊಂದರಂತೆ ಒಂದು ತುಂಬಿಸಿ, ಸರಾಸರಿಯ ಸೂತ್ರಕ್ಕೆ ಸೇರಿಸಿದಳು. 29 ಹೋಗಿ 30 ಬಂತು. ಅಧ್ಯಕ್ಷರು ಕೋಣೆ ಇರಲಿ ಎಂದು ನಡಾವಳಿ ಬರೆಸಿ ಸಹಿ ಹಾಕಿದರು. ಮೇಡಂ ಕಾರ್ಡಕ್ಕನ ಭುಜ ಹಿಡಿದು ಒತ್ತಿದರು.

ಎಲ್ಲರೂ ಏಳುವ ಗಡಿಬಿಡಿ, ಕುರ್ಚಿ ಸರಿಯುವ ಸದ್ದು. ಅದರ ನಡುವೆ ಕಿಟಕಿಯ ಕಡೆಯಿಂದ ದನಿ ಕೇಳಿತು. ಅಣ್ಣನ ಪುಸ್ತಕ ಇನ್ನೂ ಅಧ್ಯಕ್ಷರ ಮುಂದೆಯೇ ಇತ್ತು. ಅವನು ಗೋಡೆಯನ್ನು ನೋಡುತ್ತಿದ್ದ.

"ಅ..." ಎಂದ. ತಡೆದು, ಮತ್ತೆ, "ಅಣ್... ಣ. ಅಣ್ಣ."

ಕಾರ್ಡಕ್ಕನ ಎರಡೂ ಕೈ ಕೀಬೋರ್ಡಿನ ಮೇಲಿದ್ದವು. ಅವನು ಗೋಡೆಯಿಂದ ಕಣ್ಣು ತೆಗೆದು ತಂಗಿಯನ್ನು ನೋಡಿದ.

"ನಾನಾ ಅದು?"

"ಹೂಂ ಅಣ್ಣ," ಎಂದಳು ಅವಳು. "ನೀನೇ."