ಡಬ್ಬ ಬಡಿಯದ ಕೆಂಚಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆ ಬಿಟ್ಟು ಒಳದಾರಿ ಹಿಡಿದ ಲಗೇಜ್ ಆಟೋ ಬೆಟ್ಟದ ಬುಡದ ಹಾಸುಬಂಡೆಯ ಪಕ್ಕ ಬಂದು ನಿಲ್ಲುತ್ತದೆ. ಹಿಂದೆ ಒದ್ದೆ ಚೀಲಗಳು, ಚೀಲಗಳ ನಡುವೆ ಪತ್ರಿಕೆಗೆ ಬರೆಯಲು ಬಂದ ನಾನು. ವಾಸನೆಗೆ ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದೇನೆ. ಮುಂದೆ ಡ್ರೈವರ್ ನಿಯಾಜ್ ಪಕ್ಕ ಕುಳಿತಿರುವ ಕೆಂಚಮ್ಮ ಇಳಿಯುವುದಿಲ್ಲ. ಎಂಜಿನ್ ನಿಲ್ಲಿಸುವಂತೆ ಕೈಸನ್ನೆ ಮಾಡಿ, ಬಂಡೆಯ ಆಚೆಗಿರುವ ಲಂಟಾನದ ಪೊದೆಗಳನ್ನೇ ನೋಡುತ್ತಾ ಕೂರುತ್ತಾರೆ.

ನಾನು ಏನೋ ಕೇಳಲು ಬಾಯಿ ತೆರೆಯುತ್ತೇನೆ. ಅವರು ತಿರುಗದೆಯೇ ಕೈ ಎತ್ತುತ್ತಾರೆ.

“ಮಾತಾಡ್ಬ್ಯಾಡಿ ಸಾ. ಒಸಿ ತಡೀರಿ. ಅದು ಐತೋ ಇಲ್ವೋ ಗೊತ್ತಾಗ್ಲಿ.”

ಅದು ಅಂದರೆ ಕರಡಿ. ನಾನು ಮೊದಲೇ ಹೆದರುಪುಕ್ಕಲ. ಬೀದಿನಾಯಿ ಗುರ್ ಅಂದರೂ ರಸ್ತೆ ದಾಟುವವನು. ಕರಡಿಯ ಊಟದ ಚೀಲಗಳಿಗೆ ಒರಗಿಕೊಂಡು ಕೂತಿದ್ದೇನೆ ಎಂಬುದು ಆಗಷ್ಟೇ ಹೊಳೆದು ಮುಂದಕ್ಕೆ ಸರಿಯುತ್ತೇನೆ.

ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋಗುವವರು ಯಾರೂ ಈ ಚೀಲದೊಳಗೆ ಇರುವುದನ್ನು ನೆನೆಯುವುದಿಲ್ಲ. ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವುದು ಸತ್ತ ಹುಳ. ರಾಮನಗರದ ಓಣಿಗಳಲ್ಲಿ ನೂಲು ಬಿಚ್ಚುವ ಮನೆಗಳ ಬಾಗಿಲಲ್ಲೆಲ್ಲ ದಿನವೂ ಈ ಹುಳದ ರಾಶಿ ಬೀಳುತ್ತದೆ. ಒಂದು ದಿನ ಎತ್ತದೆ ಬಿಟ್ಟರೆ ಕೊಳೆತು ಓಣಿಗೆ ಓಣಿಯೇ ನಾರುತ್ತದೆ. ಅದನ್ನು ಚೀಲಕ್ಕೆ ತುಂಬಿ ತಂದು, ಬಂಡೆಯ ಮೇಲೆ ಹರಡಿ, ಒಣಗಿಸಿ, ಕೋಳಿ ಮೀನುಗಳ ಮೇವಿಗೆ ಕಳಿಸುವುದು ಕೆಂಚಮ್ಮನ ಕೆಲಸ. ಬಾಗಿಲಲ್ಲಿ ಯಾರೂ ಅವರ ಹೆಸರು ಕೇಳುವುದಿಲ್ಲ. ಹುಳದಮ್ಮ ಬಂದ್ಲು ಅನ್ನುತ್ತಾರೆ, ಅಷ್ಟೇ.

ತವರು ತಿಪ್ಪಸಂದ್ರದ ಕಡೆ. ಮದುವೆಯಾಗಿ ಬಂದದ್ದು ಈ ಬೆಟ್ಟದ ಬುಡದ ಊರಿಗೆ. ಗಂಡ ತೀರಿಕೊಂಡ ಮೇಲೆ ಹಲವು ವರ್ಷ ನೂಲು ಬಿಚ್ಚುವ ಮನೆಯೊಂದರಲ್ಲಿ ಗೂಡು ಬೇಯಿಸುತ್ತಿದ್ದರು. ಕುದಿನೀರಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗಾಗಿ ಸುಲಿದುಹೋಗಿವೆ. “ಉಪ್ಪು ಮುಟ್ಟಿದ್ರೆ ಜೀವ ಹೋದಂಗೆ ಆಗೋದು ಸಾ. ಅದ್ಕೇ ಬುಟ್ಬುಟ್ಟು ಈ ಕೆಲಸಕ್ಕೆ ಬಂದೆ. ಬಿಸಿಲಲ್ಲಿ ಬಂಡೆ ಮ್ಯಾಲೆ ನಿಂತ್ರೂ ಪರವಾಗಿಲ್ಲ, ಬೆರಳು ಉರಿಯಾಕಿಲ್ಲ” ಎನ್ನುತ್ತಾರೆ.

ಆಗಲೂ ಬೆಟ್ಟದಲ್ಲಿ ಕರಡಿಗಳಿದ್ದವು. “ಇರ್ಲಿಲ್ಲ ಅನ್ನಾಕಿಲ್ಲ. ಆದ್ರೆ ನಾವು ಕೆಮ್ಮಿದ್ರೆ ಸಾಕು, ಎದ್ದೂ ಬಿದ್ದೂ ಓಡವು. ನಾವು ಅವುಕ್ಕೆ ಹೆದರಾದು, ಅವು ನಮ್ಗೆ ಹೆದರಾದು. ಲೆಕ್ಕ ಸಮ ಇತ್ತು.”

ಆ ಸಮ ತಪ್ಪಿದ್ದು ಯಾವಾಗ ಎಂದು ಯಾರೂ ಖಚಿತವಾಗಿ ಹೇಳಲಾರರು. ಬೆಟ್ಟದ ತಪ್ಪಲಿನ ಹುತ್ತಗಳು ನೆಲಸಮವಾಗಿ ಸೈಟುಗಳಾದವು. ಕಾರೆ, ಎಲಚಿ, ಕವಳೆಯಂಥ ಹಣ್ಣಿನ ಗಿಡಗಳನ್ನು ಲಂಟಾನ ನುಂಗಿ ಹಾಕಿತು. ಗೆದ್ದಲು ತಿಂದು, ಹಣ್ಣು ತಿಂದು ಬದುಕುವ ಪ್ರಾಣಿ ಗಾಳಿಯಲ್ಲಿ ಬಂದ ಹೊಸ ವಾಸನೆಯೊಂದರ ಬೆನ್ನು ಹತ್ತಿ ಕೆಳಗಿಳಿಯಿತು. ಅರಣ್ಯ ಕಾವಲಿನ ಬೋರಲಿಂಗಯ್ಯನವರು ಇದನ್ನು ದೂರದಿಂದ ನೋಡುತ್ತಲೇ ಬಂದಿದ್ದಾರೆ.

“ಹುತ್ತ ಅಗ್ದು ಅಗ್ದು ಉಗುರು ಸವೆಸೋ ಜಾತಿ ಸಾ ಅದು. ಇಲ್ಲಿ ನೋಡುದ್ರೆ ಬಂಡೆ ಮೇಲೆ ಹರಡಿಟ್ಟವ್ರೆ. ಅಗಿಯಂಗಿಲ್ಲ, ಜೇನು ಕಚ್ಚಂಗಿಲ್ಲ. ಯಾರ್ ಬುಡ್ತಾರೆ?” ಎಂದು ನಕ್ಕವರು ತಟ್ಟನೆ ನಗು ನಿಲ್ಲಿಸುತ್ತಾರೆ. “ಈ ಸಲದ ಮರಿ ಐತಲ್ಲ, ಅದು ಹುತ್ತ ಅಗಿಯಾದು ನಾನು ನೋಡೇ ಇಲ್ಲ. ತಾಯಿ ಅದ್ಕೆ ಬಂಡೆ ದಾರಿ ತೋರ್ಸ್ಕೊಟ್ಟೈತೆ. ಅದ್ರ ಪಾಲಿಗೆ ಕಾಡು ಅಂದ್ರೆ ಇದೇ.”

ಹಾಸುಬಂಡೆಗೆ ಕರಡಿ ಮೊದಲು ಬಂದಾಗ ಕೆಂಚಮ್ಮ ತಮಗೆ ಗೊತ್ತಿದ್ದ ಉಪಾಯವನ್ನೇ ಮಾಡಿದರು. ತಿಪ್ಪಸಂದ್ರದಲ್ಲಿ ಅವರಪ್ಪ ರಾಗಿ ಹೊಲ ಕಾಯುವಾಗ ಎಣ್ಣೆ ಡಬ್ಬ ಬಡಿದು ಹಂದಿ ಓಡಿಸುತ್ತಿದ್ದರಂತೆ. ಕೆಂಚಮ್ಮನೂ ಒಂದು ತಗಡಿನ ಡಬ್ಬ ತಂದು ಬಂಡೆಯ ಪಕ್ಕದ ಮರದ ಬುಡದಲ್ಲಿ ಇಟ್ಟರು. ಆಟೋ ಬಂದ ಕೂಡಲೇ ಡಬ್ಬ ಬಡಿಯುವುದು, ಆಮೇಲೆ ಚೀಲ ಇಳಿಸಿ ಹುಳ ಹರಡುವುದು. ಕರಡಿ ಓಡುತ್ತಿತ್ತು, ಜನ ಅತ್ತ ಸರಿದ ಮೇಲೆ ಬಂದು ಹುಳ ತಿನ್ನುತ್ತಿತ್ತು. ಸ್ವಲ್ಪ ದಿನ ಕಳೆದ ಮೇಲೆ ಓಡುವುದು ಬಿಟ್ಟು ಪೊದೆಯ ಅಂಚಲ್ಲಿ ನಿಲ್ಲತೊಡಗಿತು. ಇನ್ನೂ ಜೋರಾಗಿ ಬಡಿದರು. ನಾವು ನೀವು ಯಾರಾಗಿದ್ದರೂ ಮಾಡುತ್ತಿದ್ದದ್ದು ಅದನ್ನೇ.

ಕೆಂಚಮ್ಮನ ಜೊತೆ ದುಡಿಯುತ್ತಿದ್ದವರು ನಿಯಾಜ್ ಹೆಂಡತಿ ಮಜೀದಾ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರನ್ನು ಬಂಡೆಯ ಮೇಲೆ ಬಿಟ್ಟು, ನಿಯಾಜ್ ಮತ್ತು ಕೆಂಚಮ್ಮ ಎರಡನೇ ಸಲದ ಚೀಲ ತರಲು ಪೇಟೆಗೆ ಹೋದರು. ಹೊರಡುವಾಗ ಕೆಂಚಮ್ಮ ಹೇಳಿದ ಮಾತು ಒಂದೇ: “ಹೆದರ್ಬ್ಯಾಡ ಮಜೀದಮ್ಮ, ಏನಾರ ಕಂಡ್ರೆ ಜೋರಾಗಿ ಬಡಿ.”

ಮಜೀದಾ ಅವರ ಮನೆಯಲ್ಲಿ ನಾನು ಕುಳಿತಿದ್ದಾಗ ಅವರು ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡೇ ಮಾತಾಡಿದರು. ಆ ಕಡೆಯ ಕಣ್ಣು ಈಗ ಇಲ್ಲ. ಕೈ ಮಾತ್ರ ನಿಂತಿರಲಿಲ್ಲ. ಕೆಂಚಮ್ಮನಿಗಾಗಿ ಹರಿದ ಚೀಲಕ್ಕೆ ತೇಪೆ ಹಾಕುತ್ತಿದ್ದರು.

“ಅಕ್ಕ ಹೇಳಿದ ಹಾಗೇ ಮಾಡ್ದೆ ಸಾರ್. ಬಡಿದೆ. ಅದು ಮರೀನ ಬೆನ್ನ ಮೇಲೆ ಕೂರಿಸ್ಕೊಂಡು ಪೊದೆಯಿಂದ ಆಚೆ ಬಂತು. ಇನ್ನೂ ಜೋರಾಗಿ ಬಡಿದೆ, ಇನ್ನೂ ಹತ್ರ ಬಂತು. ಓಡಬೇಕು ಅನ್ನಿಸ್ಲೇ ಇಲ್ಲ ನನಗೆ. ಡಬ್ಬ ಕೈಲಿ ಐತಲ್ಲ, ಅದೇ ಧೈರ್ಯ.”

ನಾನು ಕುಡಿಯದ ಟೀ ಲೋಟವನ್ನು ಕೆಳಗಿಟ್ಟೆ. ಅವರು ನೋಡಿದರೂ ನೋಡದವರಂತೆ ಸೂಜಿಗೆ ದಾರ ಪೋಣಿಸಿದರು.

ಯಾಕೆ ಹೀಗಾಯಿತು ಎಂಬುದು ತಿಳಿದದ್ದು ಅದಾದ ಮೇಲೆ, ರಂಜಾನ್ ಹಬ್ಬದ ದಿನ. ನೂಲು ಬಿಚ್ಚುವ ಮನೆಗಳಿಗೆಲ್ಲ ರಜೆ. ಹಿಂದಿನ ದಿನವೂ ಹುಳ ಬಂದಿರಲಿಲ್ಲ. ಬಂಡೆ ತೊಳೆದು ಬರೋಣವೆಂದು ಬೆಳಕು ಹರಿದ ಮೇಲೆ ಒಬ್ಬರೇ ಕೊಡ, ಪೊರಕೆ ಹಿಡಿದು ಹೋದ ಕೆಂಚಮ್ಮ ತೊಳೆದು ಮುಗಿಸಿ, ಅಭ್ಯಾಸಬಲದಿಂದ ಡಬ್ಬ ಬಡಿದರು. ಪೊದೆ ಅಲುಗಿತು.

“ಬಂಡೆ ಮ್ಯಾಲೆ ಒಂದ್ ಹುಳ ಇಲ್ಲ ಸಾ, ವಾಸ್ನೆ ಇಲ್ಲ. ಆದ್ರೂ ತಾಯಿ ಮರಿ ಎರಡೂ ಬಂದ್ಬುಟ್ಟೊ. ಬಂದು ನನ್ ಮಕ ನೋಡ್ಕೊಂಡು ನಿಂತ್ಕೊಂಡೊ. ಊಟಕ್ಕೆ ಕರ್ದು ಎಲೆ ಹಾಕ್ದಿದ್ರೆ ನೆಂಟ್ರು ನೋಡ್ತಾರಲ್ಲ, ಅಂಗೆ. ಆಗ ಗೊತ್ತಾಯ್ತು. ನಾವು ಅದುನ್ನ ಓಡಿಸ್ತಾ ಇರ್ಲಿಲ್ಲ ಸಾ. ದಿನಾ ಬೆಳಿಗ್ಗೆ ಊಟಕ್ಕೆ ಕರೀತಾ ಇದ್ವಿ.”

ಡಬ್ಬದ ಸದ್ದು ಕೇಳಿದರೆ ಹುಳ ಬಂದಿದೆ ಎಂದು ಅರ್ಥ. ಆ ಪ್ರಾಣಿ ಇಷ್ಟನ್ನು ಕಲಿತುಕೊಂಡಿತ್ತು, ಮರಿಗೂ ಕಲಿಸಿತ್ತು. ಕೆಂಚಮ್ಮ ಡಬ್ಬವನ್ನು ಸದ್ದಾಗದಂತೆ ನೆಲಕ್ಕಿಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಇಡುತ್ತಾ ದಾರಿಗೆ ಬಂದರು. ಅಲ್ಲಿಂದ ನೆಟ್ಟಗೆ ಮಜೀದಾ ಮನೆಗೆ ಹೋಗಿ, ಹಬ್ಬದ ಮನೆ ಎಂಬುದನ್ನೂ ಮರೆತು, ಅವರ ಕಾಲ ಬಳಿ ಕೂತು ಅತ್ತರು.

“ನಾನೇ ಹೇಳಿದ್ದು ಸಾ, ಜೋರಾಗಿ ಬಡಿ ಅಂತ” ಎಂದು ಈಗಲೂ ಹೇಳಿಕೊಳ್ಳುತ್ತಾರೆ.

ಅಂದಿನಿಂದ ಡಬ್ಬ ಬಡಿದಿಲ್ಲ. ಪೂರ್ತಿ ಬೆಳಕಾಗುವ ತನಕ ಆಟೋದಿಂದ ಇಳಿಯುವುದಿಲ್ಲ. ಸಂಜೆಯೊಳಗೆ ಕೊನೆಯ ಹುಳವನ್ನೂ ಗುಡಿಸಿ ತುಂಬಿಕೊಂಡೇ ಮನೆಗೆ ಹೋಗುವುದು. ಸುತ್ತ ತಂತಿ ಬಲೆ ಹಾಕಿಸುವ ಮಾತು ನಡೆದಿದೆ. ಬಲೆ ಇನ್ನೂ ಬಂದಿಲ್ಲ. ಬೇರೆ ಜಾಗ ನೋಡಬಾರದೇ ಎಂದು ನಾನು ಕೇಳಿದ್ದಕ್ಕೆ, “ಊರೊಳಗೆ ಹರಡ್ಲಾ? ಆಗ ಅದು ಊರೊಳಕ್ಕೇ ಬತ್ತದಲ್ಲ ಸಾ” ಎಂದರು.

ಆದರೆ ಅವರಿಗೆ ನಿದ್ದೆ ಕೆಡಿಸಿರುವುದು ಬಂಡೆಯಲ್ಲ. ಕಾರ್ತಿಕ ಬಂದಿದೆ, ರಾಗಿ ತೆನೆ ಬಲಿತಿದೆ. ಹಂದಿ ಕಾಟಕ್ಕೆ ಹೊಲ ಹೊಲದಲ್ಲೂ ಜನ ಡಬ್ಬ ಬಡಿಯುವ ಕಾಲ ಇದು. ಕರಡಿಗೆ ಈ ಡಬ್ಬ ಯಾರದು, ಆ ಡಬ್ಬ ಯಾರದು ಎಂಬ ಭೇದ ಎಲ್ಲಿಂದ ಬರಬೇಕು? ಕೆಂಚಮ್ಮ ಕೆಲಸ ಮುಗಿಸಿ ಸಂಜೆ ಮನೆಮನೆಗೆ ಹೋಗಿ, ಈ ಸಲ ಡಬ್ಬ ಬಡೀಬ್ಯಾಡಿ, ಬೆಂಕಿ ಹಾಕ್ಕೊಳ್ಳಿ, ಇಬ್ಬಿಬ್ರು ಜೊತೇಲಿರಿ ಎಂದು ಕೈಮುಗಿದು ಬರುತ್ತಿದ್ದಾರೆ. ಕೆಲವರು ಒಪ್ಪಿದ್ದಾರೆ. ಬಂಡೆಯ ಕೆಳಗಿನ ಹೊಲದ ಕೆಂಪಯ್ಯ ಮಾತ್ರ ನನ್ನೆದುರಿಗೇ ನಕ್ಕುಬಿಟ್ಟರು.

“ನಮ್ ತಾತನ ಕಾಲದಿಂದ ಬಡೀತಾ ಇದ್ದೀವಿ ಕಣಮ್ಮಿ. ಡಬ್ಬ ಬಡಿದ್ರೆ ಕರಡಿ ಬತ್ತದಾ? ನಾಳೆ ಪೀಪಿ ಊದಿದ್ರೆ ಚಿರತೆ ಬತ್ತದೆ ಅಂತೀಯ!”

ಇದು ನಿನ್ನೆ ಸಂಜೆಯ ಮಾತು. ಈಗ ಆಟೋದಲ್ಲಿ ಕೂತ ನಮ್ಮ ಸುತ್ತ ಬೆಳಕು ಮೆಲ್ಲಗೆ ಏರುತ್ತಿದೆ. ಪೊದೆಗಳು ಅಲುಗುತ್ತಿಲ್ಲ. ಕೆಂಚಮ್ಮ ಇಳಿಯಲು ಒಂದು ಕಾಲು ಹೊರಗಿಡುತ್ತಾರೆ.

ಕೆಳಗಿನ ಹೊಲದಿಂದ ಸದ್ದು ಏಳುತ್ತದೆ. ಡಣ್, ಡಣ್, ಡಣ್.

ಕೆಂಚಮ್ಮ ಅಲ್ಲೇ ನಿಂತು ಪೊದೆಯತ್ತ ತಿರುಗುತ್ತಾರೆ. ಬಂಡೆಯ ಆಚೆ ಲಂಟಾನ ಸೀಳಿಕೊಂಡು ಕಪ್ಪು ದೇಹವೊಂದು ಹೊರಬರುತ್ತದೆ, ಹಿಂದೆಯೇ ಇನ್ನೊಂದು. ಮರಿ ಈಗ ತಾಯಿಯ ಬೆನ್ನೇರುವಷ್ಟು ಚಿಕ್ಕದಲ್ಲ. ಎರಡೂ ನಮ್ಮ ಕಡೆ, ಚೀಲಗಳ ಕಡೆ, ಒಮ್ಮೆ ಮೂಗೆತ್ತಿ ನೋಡುತ್ತವೆ. ತಾಯಿ ಅನುಮಾನಿಸಿ ನಿಲ್ಲುತ್ತದೆ. ಮರಿ ನಿಲ್ಲುವುದಿಲ್ಲ. ಚೀಲಗಳನ್ನು ಬಿಟ್ಟು, ಡಬ್ಬದ ಸದ್ದು ಬಂದ ದಿಕ್ಕಿಗೆ ತಿರುಗಿ ಕೆಳಗೆ ಓಡತೊಡಗುತ್ತದೆ. ತಾಯಿ ಅದರ ಹಿಂದೆ.

“ಕೆಂಪಯ್ಯಾ! ನಿಲ್ಸೋ! ಬಡೀಬ್ಯಾಡ್ವೋ, ಬತ್ತಾ ಐತೆ ಕಣೋ!” ಕೆಂಚಮ್ಮ ಬಂಡೆಯ ತುದಿಗೆ ಓಡಿ ನಿಂತು ಕೂಗುತ್ತಾರೆ. ಬೇಡ ಅಂತ ನಿಯಾಜ್ ಅವರ ಸೆರಗು ಹಿಡಿದು ಎಳೆಯುತ್ತಿದ್ದಾನೆ. ಅವರು ಮತ್ತೆ ಕೂಗುತ್ತಾರೆ, ದನಿ ಸೀಳಿಹೋಗುತ್ತದೆ. ನಾನು ಆಟೋದಲ್ಲೇ ಇದ್ದೇನೆ. ಅದನ್ನು ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ.

ಡಬ್ಬ ನಿಲ್ಲುತ್ತದೆ.

ಹೊಲದ ಬದುವಿನ ಬಳಿಗೇ ಬಂದಿದ್ದ ಮರಿ ಸದ್ದು ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಅತ್ತಿತ್ತ ನೋಡುತ್ತದೆ. ರಾಗಿ ತೆನೆಗಳ ಮೇಲೆ ಕೆಂಪಯ್ಯನವರ ತಲೆ, ಎತ್ತಿದ ಕೈಯಲ್ಲಿ ಕೋಲು, ಅಲುಗಾಡದೆ ನಿಂತಿದೆ. ಎಷ್ಟು ಹೊತ್ತು ಹಾಗೆ ಕಳೆಯಿತೋ ತಿಳಿಯದು. ಕೊನೆಗೆ ತಾಯಿ ಕರಡಿ ತಿರುಗುತ್ತದೆ, ಮರಿಯೂ ತಿರುಗುತ್ತದೆ. ಎರಡೂ ಏನೂ ಅವಸರವಿಲ್ಲದೆ ಪೊದೆಯೊಳಗೆ ಹೋಗುತ್ತವೆ.

ಕೆಂಚಮ್ಮ ಬಂಡೆಯ ಮೇಲೆ ಕುಸಿದು ಕೂರುತ್ತಾರೆ. ನಿಯಾಜ್ ನೀರು ತಂದು ಕೊಡುತ್ತಾನೆ. ಕೆಳಗೆ ಕೆಂಪಯ್ಯ ಡಬ್ಬವನ್ನು ಎರಡೂ ಕೈಯಲ್ಲಿ, ಮಗು ಎತ್ತಿಕೊಂಡವರಂತೆ ಎತ್ತಿಕೊಂಡು ಸದ್ದಾಗದ ಹಾಗೆ ಊರ ಕಡೆ ನಡೆಯುತ್ತಿದ್ದಾರೆ.

ನಿಮ್ಮ ಆಸೆ ಏನು ಎಂದು ಇಂಥ ಲೇಖನದ ಕೊನೆಗೆ ಕೇಳುವುದು ನಮ್ಮ ಪದ್ಧತಿ. ಕೇಳಿದೆ. ಅವರು ಪೊದೆಯಿಂದ ಕಣ್ಣು ಕೀಳದೆ ಹೇಳಿದರು:

“ಆ ಮರಿ ಐತಲ್ಲ ಸಾ. ಒಂದಿನ ಅದು ನನ್ ಮಕ ಕಂಡು ಹೆದ್ರಿ ಓಡ್ಬೇಕು. ಅಷ್ಟು ನೋಡ್ಬುಟ್ರೆ ಸಾಕು.”