ಗಾಜಿನ ಬಾಗಿಲ ಹೊರಗಿನವರು

ಕೊಲ್ಹಾಪುರದ ದವಾಖಾನೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದವನು ನಾನು. ಪಕ್ಕದ ಮಂಚದಲ್ಲಿ ಇಚಲಕರಂಜಿಯ ಶಹಾಪುರದಿಂದ ಬಂದ, ಯಂತ್ರಮಗ್ಗ ನಡೆಸುವ ನೇಕಾರ. ಗಾಜಿನ ಬಾಗಿಲ ಹೊರಗೆ ಅವನ ಹೆಂಡತಿ. ಗಡಹಿಂಗ್ಲಜ ಕಡೆಯ ನಮ್ಮ ಡಾಕ್ಟರು ರೋಗಿಯ ಹೊದಿಕೆಯನ್ನು ತಾವೇ ಎದೆಯವರೆಗೆ ಎಳೆದು ಹೊದಿಸುವರು. ಆದರೆ ರೌಂಡಿಗೆ ಬಂದರೆ ಮೊದಲ ಮಾತು, “ಮನಿಯವರು ಹೊರಗ ನಡೀರಿ.” ಕೆಟ್ಟ ಸುದ್ದಿಯಿದ್ದರೆ ದೂರ ಸರಿದು, ಸಿಸ್ಟರ್ ಕಿವಿಯಲ್ಲಿ ಮರಾಠಿಯಲ್ಲಿ ಪಿಸುಗುಡುವರು.

ಅಂದು ಹಾಗೆ ಪಿಸುಗುಟ್ಟಿ ಹೊರಟವರನ್ನು ಆ ಹೆಂಗಸು ಬಾಗಿಲಲ್ಲೇ ತಡೆದಳು.

“ಉಳಿಯೂದಿಲ್ಲ ಅಂದ್ರೇನ್ರಿ, ಸಾಹೇಬ್ರ?”

“ಯಾರ ಹೇಳಿದ್ರವ್ವಾ ನಿನಗ?”

“ನಿಮ್ಮ ತುಟಿನ ಹೇಳಿದ್ವು. ಮರಾಠಿ ನಮಗೂ ಬರ್ತೈತ್ರಿ. ಮಗ್ಗದ ಸಪ್ಪಳದಾಗ ಏನ್ ಕೇಳಸ್ತೈತ್ರಿ? ನಾವೆಲ್ಲಾ ತುಟಿ ನೋಡೇ ಮಾತಾಡವ್ರು. ನಮ್ಮವರೂ ನೋಡ್ಯಾರ.”

ಡಾಕ್ಟರು ತಿರುಗಿದರು. ನೇಕಾರ ಅವರನ್ನೇ ನೋಡುತ್ತಿದ್ದ. ಅವರು ಕನ್ನಡಕ ತೆಗೆದು, ಆಕೆಯನ್ನು ಒಳಗೆ ಕರೆತಂದು, ಮಂಚದ ಮೇಲೆ ಕೂರಿಸಿ, ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದರು.

ನೇಕಾರ ಕೇಳಿದ್ದು ಒಂದೇ. “ಹಂಗಾರ ಮನಿಗೆ ಕಳಸ್ರಿ. ಹುಡುಗ್ಯಾರು ದಾರಿ ಕಾಯಾಕತ್ತಾರ.”

ಮರುದಿನ ಡಾಕ್ಟರೇ ತೋಳು ಹಿಡಿದು ಅವನನ್ನು ಟಾಂಗಾ ಹತ್ತಿಸಿದರು. ಆ ವಾರದಲ್ಲೇ ಅವನು ಮನೆಯಲ್ಲಿ, ಹೆಣ್ಣುಮಕ್ಕಳ ನಡುವೆ ತೀರಿಕೊಂಡ.